ಹುಲ್ಲಿನ ಮಿಷನ್ನಿಗೆ ಎಷ್ಟು ಹಲ್ಲು

"ಇದಕ್ಕೆ ಎಷ್ಟು ಹಲ್ಲು?" ಎಂದು ಅಪ್ಪ ಕೇಳಿದಾಗ ನೆಲಮಂಗಲದ ಆ ದೊಡ್ಡ ಅಂಗಡಿಯ ಸೇಲ್ಸ್‌ಮನ್ ನನ್ನ ಮುಖ ನೋಡಿದ. ನಾನು ನನ್ನ ಹೆಂಡತಿಯ ಮುಖ ನೋಡಿದೆ. ಅವಳು ಮಾತ್ರ ಯಾರ ಮುಖವನ್ನೂ ನೋಡದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ನಗು ತಡೆಯುತ್ತಿದ್ದಾಳೆ ಅಂದುಕೊಂಡೆ. ಅದು ನಗುವಲ್ಲವೆಂದು ಆಮೇಲೆ ಗೊತ್ತಾಯಿತು.

ನಮ್ಮೆದುರು ಇದ್ದದ್ದು ಎತ್ತಲ್ಲ, ಹುಲ್ಲು ಕತ್ತರಿಸುವ ಮಿಷನ್ನು. ಕೆಂಪು ಬಣ್ಣ, ನಾಲ್ಕು ಗಾಲಿ, ಪೆಟ್ರೋಲ್ ಎಂಜಿನ್ನು. ಅದಕ್ಕೆ ಹಲ್ಲು ಎಷ್ಟೆಂದು ಕೇಳುವುದು ಹುಚ್ಚೇ ಸರಿ. ಆದರೆ ಎಂಟು ವರ್ಷದಲ್ಲಿ ಅಪ್ಪ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಅದನ್ನು ಗುರುತು ಹಿಡಿದವಳು ಅವಳು. ನಾನು ಹಿಡಿಯಲಿಲ್ಲ. ನನಗೆ ನಾಚಿಕೆಯಾಗಿ ಕಿವಿ ಬಿಸಿಯಾಗಿತ್ತು, ಅಷ್ಟೆ.

ಮೊದಲು ಈ ಹುಲ್ಲಿನ ಕತೆ ಹೇಳಿಬಿಡುತ್ತೇನೆ. ನಾನು ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಆಫೀಸಿನ ಮುಂದೆ ಒಂದು ಹುಲ್ಲುಹಾಸು ಇದೆ, ಅದರ ಮೇಲೆ ಕಾಲಿಡಬಾರದೆಂಬ ಬೋರ್ಡೂ ಇದೆ. ಲಾರಿಗಳ ಧೂಳು ಕುಡಿದು, ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಆ ಹುಲ್ಲಿನ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಕೂತು ಇಪ್ಪತ್ತೆರಡು ವರ್ಷ ಉಂಡಿದ್ದೇನೆ. ನೆಲಮಂಗಲದ ಹೊರಗೆ ಮನೆ ಕಟ್ಟಿದಾಗಲೇ ತೀರ್ಮಾನ ಮಾಡಿದ್ದೆ, ನನ್ನದೇ ಒಂದು ಲಾನ್ ಹಾಕಿಸಿ ಅದರ ಮೇಲೆ ಚಪ್ಪಲಿ ಬಿಟ್ಟು ಓಡಾಡುತ್ತೇನೆ, ಬೇಕಾದರೆ ಉರುಳಾಡುತ್ತೇನೆ, ಯಾರಪ್ಪ ಕೇಳುವವನು!

ನರ್ಸರಿಯವರು ಹುಲ್ಲನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ತಂದು ಹಾಸಿ ಹೋದರು. ಒಂದು ತಿಂಗಳು ನಾನು ರಾಜ. ಆಮೇಲೆ ಮಳೆ ಹಿಡಿಯಿತು. ಹುಲ್ಲು ಪಾದ ದಾಟಿತು, ಮೀನಖಂಡ ದಾಟಿತು, ಒಂದು ಬೆಳಿಗ್ಗೆ ಅದರೊಳಗಿಂದ ಕೇರೆಹಾವೊಂದು ತಲೆಯೆತ್ತಿ ನನ್ನ ಹೆಂಡತಿಯನ್ನು ನೋಡಿತು. ಅವಳು ಬಕೆಟ್ ಅಲ್ಲೇ ಬಿಟ್ಟು ಬಂದು ನನಗೆ ಹೇಳಿದ್ದು ಇಷ್ಟು: "ರೀ, ಒಂದೋ ಆ ಹುಲ್ಲು ಇರ್ಬೇಕು, ಇಲ್ಲ ನಾನಿರ್ಬೇಕು. ನೀವೇ ಯೋಚ್ನೆ ಮಾಡಿ."

ನಾನು ಯೋಚನೆ ಮಾಡಲಿಲ್ಲ, ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಂದು ವಾರ ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಹಲ್ಲುಜ್ಜುವಾಗ ಅದೇ. ವೈರಿನದು, ಬ್ಯಾಟರಿಯದು, ಪೆಟ್ರೋಲಿನದು, ಕೈಯಲ್ಲಿ ತಳ್ಳುವುದು. ಅಂಗಳ ಚಿಕ್ಕದಿದ್ದರೆ ಯಾವುದು, ಇಳಿಜಾರಿದ್ದರೆ ಯಾವುದು, ಹುಲ್ಲು ಒದ್ದೆಯಿದ್ದರೆ ಏನು ಗತಿ, ಎಲ್ಲ ಅರೆದು ಕುಡಿದೆ. ನಮ್ಮದು ಮನೆ ಮುಂದಿನ ಚಿಕ್ಕ ಅಂಗಳ, ಚಪ್ಪಟೆ ನೆಲ. ಕೆಂಪು ಪೆಟ್ರೋಲ್ ಮಿಷನ್ನೇ ಸರಿ ಎಂದು ಭಾನುವಾರ ಹೊರಟೆ. ಆಗ ನನ್ನ ಹೆಂಡತಿ ಮೆಲ್ಲಗೆ ಅಂದಳು, "ಮಾವನ್ನೂ ಕರ್ಕೊಂಡು ಹೋಗೋಣ. ಅವರೇ ಆರಿಸ್ಲಿ."

"ಅಪ್ಪನಿಗೇನೇ ಗೊತ್ತು ಲಾನ್ ಮಿಷನ್ನು?"

"ನಿಮಗೇನು ಗೊತ್ತು? ಹೋದ ತಿಂಗಳು ಮಿಕ್ಸಿ ಆರಿಸಿದ್ರಲ್ಲ, ಚಟ್ನಿ ಮಾಡಿದ್ರೆ ಮನೆ ಅಲ್ಲಾಡುತ್ತೆ."

ಮಿಕ್ಸಿಯ ಮಾತು ಬಂದರೆ ನಾನು ಸುಮ್ಮನಾಗುತ್ತೇನೆ. ಆದರೆ ಅವಳು ಯಾಕೆ ಹಾಗೆ ಹೇಳಿದಳೆಂದು ತಿಳಿಯಬೇಕಾದರೆ ಅಪ್ಪನ ವಿಷಯ ಹೇಳಬೇಕು.

ಸಾಸಲು ಕಡೆ ನಮ್ಮೂರು. ಒಂದು ಕಾಲಕ್ಕೆ ಆ ಸುತ್ತಿನಲ್ಲಿ ಯಾರಾದರೂ ದನ ಕೊಳ್ಳಲು ಸಂತೆಗೆ ಹೊರಟರೆ ಮೊದಲು ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸಿ ವಯಸ್ಸು ಹೇಳುತ್ತಿದ್ದ. ಮೈಮೇಲಿನ ಸುಳಿ ನೋಡುತ್ತಿದ್ದ, ಗೊರಸು ತಟ್ಟುತ್ತಿದ್ದ, ಬಾಲ ಜಗ್ಗುತ್ತಿದ್ದ, ಕೊನೆಗೆ ನೊಗಕ್ಕೆ ಹೂಡಿ ಒಂದು ಸಾಲು ಹೊಡೆಸಿ ನೋಡುತ್ತಿದ್ದ. ಅವನು ತಲೆಯಾಡಿಸಿದರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಅವನು ತೆಗೆದುಕೊಳ್ಳುತ್ತಿದ್ದದ್ದು ಒಂದು ಊಟ, ಒಂದು ಕಟ್ಟು ಬೀಡಿ. ಅಪ್ಪ ಸಂತೆಯಿಂದ ಬರುವಾಗಿನ ನಡಿಗೆ ನನಗೆ ಈಗಲೂ ನೆನಪಿದೆ. ಎತ್ತು ಯಾರದೋ, ಗತ್ತು ಮಾತ್ರ ಇವನದು.

ಟ್ರ್ಯಾಕ್ಟರುಗಳು ಬಂದ ಮೇಲೆ ಕರೆಯುವವರು ಕಡಿಮೆಯಾದರು. ಎಂಟು ವರ್ಷದ ಹಿಂದೆ ಕೊನೆಯದಾಗಿ ಕರೆದವನು ಅವನ ಚಿಕ್ಕಂದಿನ ಜೊತೆಗಾರ. ಅಪ್ಪ ಒಂದು ಜೊತೆ ಆರಿಸಿಕೊಟ್ಟ. ಹೂಡಿದ ಮೇಲೆ ಬಲಗಡೆಯ ಎತ್ತು ಬೇಲಿಗೆ ಹೋಗಿ ಹೋಗಿ ಗುದ್ದಿಕೊಳ್ಳುತ್ತಿತ್ತು. ನೋಡಿದರೆ ಅದರ ಒಂದು ಕಣ್ಣಿಗೆ ಪೊರೆ. ಅದನ್ನು ಅಪ್ಪ ಯಾಕೆ ಕಾಣಲಿಲ್ಲವೆಂದರೆ, ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು, ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ. ಜೊತೆಗಾರ ಅರಳಿಕಟ್ಟೆಯ ಮೇಲೆ ಇಡೀ ಊರಿನ ಮುಂದೆ ಹೇಳಿದ: "ಇವನ್ಗೂ ಕಣ್ ಕಾಣಾಕಿಲ್ಲ, ಅದ್ಕೂ ಕಾಣಾಕಿಲ್ಲ. ಇಬ್ರೂ ಒಬ್ರನ್ನೊಬ್ರು ನೋಡಿ ಒಪ್ಕಂಡವ್ರೆ!"

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಜ ಹೇಳಬೇಕೆಂದರೆ ಅಂದು ಕಟ್ಟೆಯ ಪಕ್ಕದಲ್ಲೇ ಇದ್ದ ನಾನೂ ನಕ್ಕೆ. ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಮನೆಗೆ ಹೋದ.

ಕಣ್ಣಿನ ಆಪರೇಷನ್ ಆಯಿತು, ದೃಷ್ಟಿ ಚೆನ್ನಾಗಿ ಬಂತು. ಅದೇ ವರ್ಷ ಅವ್ವ ತೀರಿಕೊಂಡ ಮೇಲೆ ನಮ್ಮ ಜೊತೆ ನೆಲಮಂಗಲಕ್ಕೂ ಬಂದ. ಆದರೆ ಅಭಿಪ್ರಾಯ ಹೇಳುವುದನ್ನು ಮಾತ್ರ ನಿಲ್ಲಿಸಿಬಿಟ್ಟ. ಬದನೆಕಾಯಿ ಎಳೆಯದಾ ಬಲಿತದ್ದಾ? "ನೀವೇ ನೋಡ್ಕಳಿ." ಮಳೆ ಬರುತ್ತಾ? "ನೀವೇ ನೋಡ್ಕಳಿ." ನನ್ನ ಹೆಂಡತಿ ದಿನಾ ಸಾರು ಬಡಿಸಿ ಕೇಳುತ್ತಾಳೆ, "ಮಾವ, ಉಪ್ಪು ಸರಿಯಾಗಿದೆಯಾ?" ಅದಕ್ಕೂ ಅದೇ ಉತ್ತರ. ಒಂದು ದಿನ ಅವಳು ಬೇಕೆಂದೇ ಎರಡರಷ್ಟು ಉಪ್ಪು ಹಾಕಿ ಬಡಿಸಿದಳು. ಅಪ್ಪ ಒಂದು ಮಾತಿಲ್ಲದೆ ಉಂಡು, ಮೂರು ಚೊಂಬು ನೀರು ಕುಡಿದು, ಎದ್ದು ಹೋದ. ಅವಳು ಅಡುಗೆಮನೆಯಲ್ಲಿ ಕೂತು ಅತ್ತಳು. "ತಾನು ಏನು ಹೇಳಿದ್ರೂ ನಗ್ತಾರೆ ಅಂತ ಆ ಜೀವ ಕೂತುಬಿಟ್ಟಿದೆ ಕಣ್ರೀ, ಹೆಂಗಾದ್ರೂ ಮಾಡಿ ಅವರ ಬಾಯಿ ಬಿಡಿಸ್ಬೇಕು" ಅಂದಳು. ಅಪ್ಪನಿಗೆ ವಯಸ್ಸಾಯಿತು, ಅದಕ್ಕೇ ಹಾಗೆ ಎಂದು ನಾನು ತಳ್ಳಿಹಾಕಿದ್ದೆ.

ಹೀಗೆ ಆ ಭಾನುವಾರ ಮೂವರೂ ಅಂಗಡಿಗೆ ಹೋದದ್ದು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದ. ಯಾವುದು ಚೆನ್ನಾಗಿದೆ ಮಾವ ಎಂದು ಇವಳು ಕೇಳಿದರೆ ಅದೇ "ನೀವೇ ನೋಡ್ಕಳಿ." ಅಷ್ಟರಲ್ಲಿ ಸೇಲ್ಸ್‌ಮನ್ ಕೆಂಪು ಮಿಷನ್ನಿನ ಬೆನ್ನು ತಟ್ಟಿ, "ಎತ್ತಿನ ಹಂಗೆ ಸಾರ್ ಇದು. ಹತ್ತು ವರ್ಷ ಗೇಯುತ್ತೆ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದ.

ಅಪ್ಪನ ಕೈ ಬೆನ್ನ ಹಿಂದಿನಿಂದ ಮುಂದಕ್ಕೆ ಬಂತು. ನಡೆದು ಬಂದ. ಮಿಷನ್ನನ್ನು ಒಂದು ಸುತ್ತು ಹಾಕಿದ. ಆಗ ಕೇಳಿದ್ದೇ ಆ ಪ್ರಶ್ನೆ. ಎಷ್ಟು ಹಲ್ಲು?

"ಹಲ್ಲು ಅಂದ್ರೆ... ಬ್ಲೇಡಾ ಯಜಮಾನ್ರೇ? ಒಂದೇ."

"ಒಂದೇ ಹಲ್ಲಾ? ಮುದಿ ಅನ್ನಿ."

ಸೇಲ್ಸ್‌ಮನ್ ಬುದ್ಧಿವಂತ, ಬ್ಯಾಟರಿ ಮಿಷನ್ನಿನ ಹತ್ತಿರ ಕರೆದುಕೊಂಡು ಹೋದ. "ಇದು ಹೊಸದು ಯಜಮಾನ್ರೇ. ಶಬ್ದ ಇಲ್ಲ, ಹೊಗೆ ಇಲ್ಲ."

"ಏನ್ ತಿಂತದೆ?"

"ಕರೆಂಟು."

"ಎಷ್ಟೊತ್ತು ಗೇಯ್ತದೆ?"

"ನಲವತ್ತು ನಿಮಿಷ."

"ಆಮೇಕೆ?"

"ಆಮೇಲೆ ಎರಡು ಗಂಟೆ ಚಾರ್ಜಿಗೆ ಹಾಕ್ಬೇಕು."

ಅಪ್ಪ ನನ್ನ ಕಡೆ ತಿರುಗಿದ. "ನಲ್ವತ್ತು ನಿಮಿಷ ಗೇದು ಎಲ್ಡು ಗಂಟೆ ಮನೀಕಳೋ ಪ್ರಾಣಿನ ಮನೆಗೆ ಕಟ್ಕಂಡೋಯ್ತೀಯೇನ್ಲಾ?"

ಸೇಲ್ಸ್‌ಮನ್ನಿಗೂ ಈಗ ಹಟ ಬಂದಿತ್ತು. ಎಲ್ಲವನ್ನೂ ತೋರಿಸಿದ. ವೈರಿನ ಮಿಷನ್ನನ್ನು ನೋಡಿ ಅಪ್ಪ, "ಇದು ಹಗ್ಗ ತುಳ್ಕಂಡು ಸಾಯ್ತದೆ" ಎಂದು ಮುಂದೆ ಹೋದ. ಕೊನೆಗೆ ಮತ್ತೆ ಕೆಂಪಿನ ಮುಂದೆ ನಿಂತು, "ಎಲ್ಲಿ, ಒಂದು ಸಾಲು ಹೊಡ್ದು ತೋರ್ಸಪ್ಪ" ಎಂದ. ಅಂಗಡಿಯ ನೆಲ ಕನ್ನಡಿಯಂಥ ಟೈಲ್ಸು. ಹುಲ್ಲೆಂದರೆ ಬಾಗಿಲಲ್ಲಿ ಹಾಸಿದ್ದ ಪ್ಲಾಸ್ಟಿಕ್ಕಿನದು.

"ಟ್ರಯಲ್ ಇಲ್ಲ ಯಜಮಾನ್ರೇ. ವಿಡಿಯೋ ಇದೆ, ತೋರಿಸ್ತೀನಿ."

"ಫೋಟೋ ನೋಡಿ ಯಾರಾದ್ರೂ ಎತ್ತು ತಗಂತಾರಾ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಪ್ಪಾ, ಇದು ಎತ್ತಲ್ಲ! ನೀನು ಸುಮ್ನಿರು, ನಾನು ಎಲ್ಲ ನೋಡ್ಕೊಂಡು ಬಂದಿದೀನಿ" ಎಂದು ರೇಗಿದೆ. ತಕ್ಷಣ ನನ್ನ ತೋಳಿಗೆ ಒಂದು ಚಿವುಟು ಬಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಅಂಗಡಿಯಲ್ಲಿ ನನ್ನನ್ನು ಚಿವುಟಿದ್ದು ಅದೇ ಮೊದಲು. ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು, "ಬಾಯಿ ಮುಚ್ಕೊಂಡಿರಿ. ಮಾವ ಮಾತಾಡ್ತಿದಾರೆ, ಕಾಣ್ತಿಲ್ವಾ?"

ಆಗ ನನಗೆ ಕಂಡಿತು. ನನ್ನ ದಡ್ಡತನಕ್ಕೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸಿತು.

ಅಪ್ಪ ಆಗಲೇ ಬಾಗಿಲ ಹತ್ತಿರ ಹೋಗಿದ್ದ. "ದೊಡ್ಡಬಳ್ಳಾಪುರದಾಗೆ ಹಳೇ ಮಿಷನ್ ಮಾರೋ ಬೀದಿ ಐತೆ. ಅಲ್ಲಿ ನೋಡಾನ" ಎಂದ. ಮಗ್ಗದ ಊರು, ಹಳೆಯ ಮೋಟರು, ಗಾಲಿ, ಕಬ್ಬಿಣವೆಲ್ಲ ಅಲ್ಲಿ ಸಿಗುತ್ತದೆ, ಸರಿ. ಆದರೆ ಲಾನ್ ಮಿಷನ್ನು? ನಾನು ತುಟಿ ಎರಡು ಮಾಡದೆ ಕಾರು ತಿರುಗಿಸಿದೆ.

ಮೂರು ಅಂಗಡಿ ಸುತ್ತಿ ನಾಲ್ಕನೆಯದಕ್ಕೆ ಹೋದೆವು. ಅಲ್ಲಿ ಗಲ್ಲಾದ ಹಿಂದೆ ಅಪ್ಪನ ವಯಸ್ಸಿನ ಒಬ್ಬ ಸಾಬರು ಬಿಳಿ ಟೋಪಿ ಹಾಕಿ ಕೂತು ಟೀ ಹೀರುತ್ತಿದ್ದರು. ವಿಷಯ ಕೇಳಿ ಒಳಗಿನ ಮೂಲೆಗೆ ಕೈ ತೋರಿಸಿದರು. ಯಾವುದೋ ಮುಚ್ಚಿಹೋದ ಮಿಲ್ಲಿನ ಬಂಗಲೆಯ ತೋಟದಲ್ಲಿ ದುಡಿದದ್ದಂತೆ. ಎಂಜಿನ್ನಿಲ್ಲ, ವೈರಿಲ್ಲ. ಎರಡು ಕಬ್ಬಿಣದ ಗಾಲಿ, ನಡುವೆ ಸುರುಳಿಯಾಗಿ ತಿರುಚಿದ ಬ್ಲೇಡುಗಳು, ಹಿಂದೆ ಉದ್ದನೆಯ ಮರದ ಹಿಡಿ. ಕೈಯಲ್ಲಿ ತಳ್ಳಿದರೆ ಗಾಲಿ ತಿರುಗಿ ಬ್ಲೇಡು ತಿರುಗುತ್ತದೆ. ವಿಡಿಯೋದಲ್ಲಿ ಈ ಜಾತಿ ಬಂದಾಗಲೆಲ್ಲ ನಾನು ಮುಂದಕ್ಕೆ ಓಡಿಸಿದ್ದೆ.

ಅಪ್ಪ ಕುಕ್ಕರಗಾಲಲ್ಲಿ ಕೂತು ಬ್ಲೇಡನ್ನು ಒಂದೊಂದಾಗಿ ಮುಟ್ಟಿ ಎಣಿಸಿದ. "ಆರು ಹಲ್ಲು. ಒಳ್ಳೆ ಪ್ರಾಯ."

ಆಮೇಲೆ ಗಾಲಿ ತಟ್ಟಿದ, ಹಿಡಿಯನ್ನು ಬಾಲ ಜಗ್ಗಿದ ಹಾಗೆ ಜಗ್ಗಿದ, ಬೆರಳಲ್ಲಿ ತುಕ್ಕು ಒರೆಸುತ್ತ ಹೋಗಿ ಗಾಲಿಯ ಒಂದು ಕಡೆ ಕೈ ನಿಲ್ಲಿಸಿದ. "ಸಾಬ್ರೇ, ಈ ಕಾಲು ಮುರ್ದಿತ್ತು."

"ಅರೆ, ಛೆ! ಇಪ್ಪತ್ತು ವರ್ಷದಿಂದ ಇಲ್ಲೇ ಇದೆ ಯಜಮಾನ್ರೇ, ನಾನೇ ನೋಡಿಲ್ಲ!"

"ಇಲ್ನೋಡಿ."

ಸಾಬರು ಕನ್ನಡಕ ಹಾಕಿಕೊಂಡು ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಬಗ್ಗಿದರು. ಕೂದಲೆಳೆಯಷ್ಟು ಸಣ್ಣ ಬೆಸುಗೆಯ ಗುರುತು ಅಲ್ಲಿತ್ತು. "ಏನು ಕಣ್ಣು ಸ್ವಾಮಿ ನಿಮ್ದು!" ಎಂದರು ಸಾಬರು. ಅಪ್ಪ ಎದ್ದು ನಿಂತಾಗ ಅವನ ಬೆನ್ನು ನೆಟ್ಟಗಿತ್ತು. ನನ್ನ ಹೆಂಡತಿ ಆ ಕಡೆ ತಿರುಗಿ ಮೋಟರುಗಳನ್ನು ನೋಡತೊಡಗಿದಳು, ಅವಳಿಗೂ ಮೋಟರಿಗೂ ಏನು ಸಂಬಂಧವೋ.

ಅಂಗಡಿಯ ಹಿಂದೆ ಗೋಡೆಯ ಪಕ್ಕ ಒಂದಿಷ್ಟು ಹುಲ್ಲಿತ್ತು, ಸಾಬರ ಆಡುಗಳು ಓಡಾಡುವ ಜಾಗ. ಅಪ್ಪ ಮಿಷನ್ನನ್ನು ಅಲ್ಲಿಗೆ ತರಿಸಿ, ಎಣ್ಣೆ ಬಿಡಿಸಿ, ನನ್ನ ಕೈಗೆ ಹಿಡಿ ಕೊಟ್ಟು, "ಹೊಡಿ ಒಂದು ಸಾಲು" ಎಂದ. ಮಿಷನ್ನು ಸರಾಗವಾಗಿ ಹೋಯಿತು. ಹುಲ್ಲು ಚಿಮ್ಮಿ ಬಿತ್ತು. "ಹಿಂಗೆ" ಎಂದು ಅಪ್ಪ ತಲೆಯಾಡಿಸಿದ. ನನ್ನ ಚಿಕ್ಕಂದಿನಲ್ಲಿ ಸಂತೆಯಲ್ಲಿ ಜನ ಕಾದು ನಿಲ್ಲುತ್ತಿದ್ದ ತಲೆಯಾಟ ಅದೇ.

ಅಂಗಡಿಯ ಮುಂದಕ್ಕೆ ಬಂದೆವು, ಇನ್ನು ರೇಟು. ನಾನು "ಎಷ್ಟು ಸಾಬ್ರೇ?" ಎಂದು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ತಡೆದ. ಹೆಗಲ ಮೇಲಿನ ಟವೆಲನ್ನು ತೆಗೆದು ತನ್ನ ಬಲಗೈ ಮೇಲೆ ಹೊದಿಸಿ ಸಾಬರ ಮುಂದೆ ಚಾಚಿದ.

ದನದ ಸಂತೆಯಲ್ಲಿ ಹೀಗೆಯೇ ವ್ಯಾಪಾರ. ಕೊಳ್ಳುವವನು, ಮಾರುವವನು ಇಬ್ಬರೂ ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಅದುಮಿ ರೇಟು ಮಾತಾಡುತ್ತಾರೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ, ತಿಳಿಯಲೂ ಬಾರದು. ಆದರೆ ಗುಜರಿ ಮಿಷನ್ ಅಂಗಡಿಯಲ್ಲಿ? ದೊಡ್ಡಬಳ್ಳಾಪುರದ ನಡುಬೀದಿಯಲ್ಲಿ? ಅಯ್ಯೋ ದೇವರೇ, ಈ ಸಾಬರು ಈಗ ನಕ್ಕುಬಿಟ್ಟರೆ ಅಪ್ಪ ಮತ್ತೆ ಎಂಟು ವರ್ಷ ಬಾಯಿ ಬಿಡುವುದಿಲ್ಲ ಎಂದು ನಾನು ಹೆಂಡತಿಯ ಕಡೆ ನೋಡಿದೆ.

ಸಾಬರು ಟವೆಲ್ ನೋಡಿದರು. ಅಪ್ಪನ ಮುಖ ನೋಡಿದರು. ಟೀ ಲೋಟ ಕೆಳಗಿಟ್ಟು, ಅಂಗಿಯ ತೋಳು ಮೇಲೆ ಮಾಡಿ, ಕೈಯನ್ನು ಟವೆಲಿನೊಳಕ್ಕೆ ತೂರಿಸಿದರು. "ನಮ್ಮಪ್ಪ ಕುರಿ ವ್ಯಾಪಾರ ಮಾಡೋರು" ಎಂದರು ಮೆಲ್ಲಗೆ.

ಆಮೇಲಿನದು ನೋಡಬೇಕಿತ್ತು. ಇಬ್ಬರ ಮುಖವೂ ಕಲ್ಲು. ಟವೆಲ್ ಮಾತ್ರ ಒಳಗೆ ಬೆಕ್ಕಿನ ಮರಿ ಸೇರಿಕೊಂಡ ಹಾಗೆ ಅಲ್ಲಾಡುತ್ತಿತ್ತು. "ಯಾ ಅಲ್ಲಾ! ಕೊಂದ್ಬಿಟ್ರಲ್ಲ!" ಎಂದು ಸಾಬರು ಒಮ್ಮೆ ಕೈ ಕಿತ್ತುಕೊಂಡರು, ಮತ್ತೆ ತೂರಿಸಿದರು. "ಕಾಲು ಮುರ್ದಿರೋದಕ್ಕೆ ಇಷ್ಟಾ?" ಎಂದು ಅಪ್ಪ ಕೈ ಬಿಡಿಸಿಕೊಂಡು ಹೊರಟ, ಮತ್ತೆ ಬಂದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಕೊನೆಗೆ ಸಾಬರು ಟವೆಲಿನ ಒಳಗೇ ಅಪ್ಪನ ಕೈಯನ್ನು ಜೋರಾಗಿ ಅಲ್ಲಾಡಿಸಿ, "ಆಯ್ತು ಹೋಗಿ, ನಿಮ್ಮ ಕಣ್ಣಿಗೋಸ್ಕರ" ಎಂದರು.

ನಾನು ಮೊಬೈಲ್ ತೆಗೆದು ಸ್ಕ್ಯಾನ್ ಮಾಡಿದೆ. "ಎಷ್ಟು ಹಾಕ್ಲಿ?"

ಸಾಬರು ಅಪ್ಪನ ಕಡೆ ನೋಡಿದರು. ಅಪ್ಪ ಸುತ್ತ ನಿಂತ ಜನರ ಕಡೆ ನೋಡಿದ. "ಟವಲ್ ಒಳಗಿಂದು ಬಾಯಲ್ಲಿ ಹೇಳ್ಬಾರ್ದು. ಕೈ ಕೊಡು ಇಲ್ಲಿ."

ಐವತ್ತರ ಹತ್ತಿರ ಬಂದ ಮಗ, ನಡುಬೀದಿಯಲ್ಲಿ, ಟವೆಲಿನ ಕೆಳಗೆ ಅಪ್ಪನ ಕೈ ಹಿಡಿದುಕೊಂಡು ನಿಂತೆ. ಸಂತೆಗೆ ಜೊತೆಯಲ್ಲಿ ಹೋಗುತ್ತಿದ್ದ ಕಾಲದಲ್ಲೂ ಅವನು ನನಗೆ ಈ ಲೆಕ್ಕ ಕಲಿಸಿರಲಿಲ್ಲ. ಈಗ ಕಲಿಸಿದ. ಇಡೀ ಬೆರಳು ಹಿಡಿದರೆ ಏನು, ಅರ್ಧ ಬೆರಳಾದರೆ ಏನು, ಗೆಣ್ಣು ಒತ್ತಿದರೆ ಏನು, ಎಲ್ಲವನ್ನೂ ಕಿವಿಯಲ್ಲಿ ಉಸುರುತ್ತ. ಅವನ ಅಂಗೈ ಇನ್ನೂ ನೇಗಿಲಿನ ಮೇಣಿ ಹಿಡಿದ ಹಾಗೆ ಗಡುಸಾಗಿತ್ತು. ಅದನ್ನು ಬಿಡಲು ನನಗೆ ಅವಸರವೇನೂ ಆಗಲಿಲ್ಲ. ತಿಳಿದೂ ತಿಳಿಯದವನ ಹಾಗೆ "ಇನ್ನೊಂದ್ಸಲ ಹೇಳಪ್ಪ" ಎಂದೆ.

ಹಣ ಹಾಕಿದೆ. ಯಾರಿಗೂ ಕಾಣದ ಹಾಗೆ ಮೊಬೈಲನ್ನು ಅಂಗಿಯಲ್ಲಿ ಮರೆಮಾಡಿಕೊಂಡೇ ಹಾಕಿದೆ. ಮರುಕ್ಷಣ, ಗಲ್ಲಾದ ಮೇಲಿದ್ದ, ಹಣ ಬಂದರೆ ಮಾತಾಡುವ ಆ ಡಬ್ಬಿ, ರೂಪಾಯಿ ಎಷ್ಟೆಂದು ಇಡೀ ಬೀದಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿತು.

ಅಪ್ಪನೂ ಸಾಬರೂ ಆ ಡಬ್ಬಿಯನ್ನು, ಮನೆಯ ಗುಟ್ಟು ಹೊರಗೆ ಹಾಕಿದ ಸೊಸೆಯನ್ನು ನೋಡುವಂತೆ ನೋಡಿದರು. ಆಮೇಲೆ ಸಾಬರು ನಕ್ಕರು. ನಾನು ಹೆದರಿ ಅಪ್ಪನ ಕಡೆ ನೋಡಿದೆ. ಅಪ್ಪನೂ ನಗುತ್ತಿದ್ದ! ಇಬ್ಬರೂ ಮಿಷನ್ನಿನ ಆಚೆ ಈಚೆ ಹಿಡಿದುಕೊಂಡು ಕೆಮ್ಮು ಬರುವ ತನಕ ನಕ್ಕರು. ಆ ರೇಟು ಇಲ್ಲಿ ಬರೆಯುವುದಿಲ್ಲ. ಡಬ್ಬಿಗೆ ಮಾನ ಇಲ್ಲದಿದ್ದರೆ ನನಗಾದರೂ ಇರಬೇಕಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ದಾರಿಯುದ್ದಕ್ಕೂ ಅಪ್ಪ ಹಿಂದಿನ ಸೀಟಿನಲ್ಲಿ ಮಿಷನ್ನಿನ ಹಿಡಿಯನ್ನು ಮೂಗುದಾರ ಹಿಡಿದ ಹಾಗೆ ಹಿಡಿದು ಕೂತಿದ್ದ. ಮನೆಗೆ ಬಂದ ಮೇಲೆ ಅದಕ್ಕೆ ಸ್ನಾನ, ಅರಿಶಿನ ಕುಂಕುಮ, ಗಾಲಿಗೆ ನಿಂಬೆಹಣ್ಣು. ನನ್ನ ಹೆಂಡತಿ ಆರತಿಯನ್ನೂ ಎತ್ತಿದಳು. ಅಪ್ಪ ತಾನೇ ಹಿಡಿ ಹಿಡಿದು ನಮ್ಮ ಹುಲ್ಲಿಗೆ ಇಳಿಸಿದ. ಎರಡು ಹೆಜ್ಜೆ ಹೋಯಿತು. ಗಕ್ಕನೆ ನಿಂತಿತು. ಉದ್ದನೆಯ ಹುಲ್ಲು ಬ್ಲೇಡಿಗೆ ಸುತ್ತಿಕೊಂಡು, ಜಡೆ ಹೆಣೆದ ಹಾಗೆ ಸಿಕ್ಕಿಕೊಂಡಿತು. ಬಿಡಿಸಿ ತಳ್ಳಿದ. ಮತ್ತೆ ಎರಡು ಹೆಜ್ಜೆ, ಮತ್ತೆ ಗಕ್ಕನೆ. ಹತ್ತು ಸಲ ಹಾಗೇ ಆಯಿತು.

ನನ್ನ ನಾಲಿಗೆ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ನಾನು ಹೇಳಿರಲಿಲ್ವಾ, ಕೆಂಪು ಮಿಷನ್ ತರೋಣ ಅಂತ! ಅಷ್ಟರಲ್ಲಿ ಪಕ್ಕದ ಮನೆಯವನು ಕಾಂಪೌಂಡಿನ ಮೇಲೆ ಗಲ್ಲ ಊರಿ, "ಏನ್ ಗುರು, ಯಾವ ಮ್ಯೂಸಿಯಂದು ಇದು? ನಿಮ್ಮಪ್ಪ ಆರಿಸಿದ್ದಾ?" ಎಂದು ಹಲ್ಲು ಬಿಟ್ಟ. ನನ್ನ ಬಾಯಲ್ಲಿದ್ದ ಮಾತೇ ಅದು. ಅವನ ಬಾಯಿಂದ ಬಂದದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. "ಹೌದು, ನಮ್ಮಪ್ಪ ಆರಿಸಿದ್ದು. ನಿಮಗೇನು ಕಷ್ಟ?" ಎಂದೆ. ಅವನು ಗಲ್ಲ ತೆಗೆದ.

ಆದರೆ ಅಪ್ಪ ಕೇಳಿಸಿಕೊಂಡಿದ್ದ. ಹಿಡಿಯನ್ನು ಮೆಲ್ಲಗೆ ನೆಲಕ್ಕೆ ಒರಗಿಸಿದ. ಟವೆಲ್ ಸರಿಮಾಡಿಕೊಂಡ. "ಏನ್ ಮಾಡೋಣ ಮಾವ ಈಗ?" ಎಂದು ನನ್ನ ಹೆಂಡತಿ ಕೇಳಿದಳು.

"ನೀವೇ ನೋಡ್ಕಳಿ" ಎಂದು ಒಳಗೆ ಹೋದ.

ಆ ಸಂಜೆ ನಾನು ಮೊಬೈಲ್ ತೆಗೆದು, ವಾರವಿಡೀ ಮುಂದಕ್ಕೆ ಓಡಿಸಿದ್ದ ಆ ಕೈಮಿಷನ್ನಿನ ವಿಡಿಯೋಗಳನ್ನು ಒಂದೊಂದಾಗಿ ಮೊದಲಿನಿಂದ ನೋಡಿದೆ. ಅಪ್ಪ ಆರಿಸಿದ್ದು ತಪ್ಪಾಗಿರಲಿಲ್ಲ. ನಮ್ಮಂಥ ಚಿಕ್ಕ, ಚಪ್ಪಟೆ ಅಂಗಳಕ್ಕೆ ಅದಕ್ಕಿಂತ ಒಳ್ಳೆಯದಿಲ್ಲವಂತೆ. ಆದರೆ ಹುಲ್ಲು ಗಿಡ್ಡಗಿರಬೇಕು. ಸಾಬರ ಹಿತ್ತಲಿನ ಹುಲ್ಲನ್ನು ಅವರ ಆಡುಗಳು ಮೇದು ಗಿಡ್ಡ ಮಾಡಿದ್ದವು. ನಮ್ಮದು ಮೊಣಕಾಲುದ್ದ. ನಮಗೆ ಆಡುಗಳೂ ಇರಲಿಲ್ಲ.

ಮರುದಿನ ಕೆಲಸಕ್ಕೆ ರಜೆ ಹಾಕಿದೆ. ಬೆಳಕು ಹರಿಯುತ್ತಲೇ ಕುಡುಗೋಲು ಹಿಡಿದು ಹುಲ್ಲಿಗೆ ಇಳಿದೆ. ಕುಡುಗೋಲು ಮುಟ್ಟಿ ಮೂವತ್ತು ವರ್ಷವಾಗಿತ್ತು. ಹತ್ತು ನಿಮಿಷಕ್ಕೆ ಸೊಂಟ ಹಿಡಿಯಿತು, ಅರ್ಧ ಗಂಟೆಗೆ ಅಂಗೈಯಲ್ಲಿ ಬೊಬ್ಬೆ. ನನ್ನ ಹೆಂಡತಿ ಬಂದು ನೋಡಿದಳು, ಒಳಗೆ ಹೋಗಿ ಇನ್ನೊಂದು ಕುಡುಗೋಲು ತಂದಳು, ಹಾವು ನೋಡಿದ ಜಾಗಕ್ಕೆ ಸೀರೆ ಎತ್ತಿ ಕಟ್ಟಿಕೊಂಡು ತಾನೇ ಇಳಿದಳು. ಬಿಸಿಲೇರುವ ಹೊತ್ತಿಗೆ ಮುಗಿಯಿತು. ಕಾಲೆಳೆದುಕೊಂಡು ಹೋಗಿ ಅಪ್ಪನನ್ನು ಕರೆದೆ. "ಅಪ್ಪಾ, ಬಾ. ಈಗ ಹೂಡಿ ನೋಡು."

"ನೀವೇ..."

"ನಾವು ನೋಡ್ಕೊಳಲ್ಲ. ನಮಗೆ ಗೊತ್ತಾಗಲ್ಲ. ನೀನೇ ನೋಡ್ಬೇಕು" ಎಂದೆ.

ಅಪ್ಪ ಹೊರಗೆ ಬಂದ. ಮೆಟ್ಟಿಲ ಮೇಲೆ ನಿಂತು ಹುಲ್ಲನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದ. ಬಹಳ ಹೊತ್ತು ನೋಡಿದ.

"ಯಾವನ್ಲಾ ಕುಯ್ದಿದ್ದು ಇದನ್ನ? ಎಮ್ಮೆ ಮೇದಂಗೈತೆ."

ಇಂಥ ಬೈಗುಳಕ್ಕೆ ಯಾರಿಗಾದರೂ ಇಷ್ಟು ಸಂತೋಷವಾಗಿದ್ದುಂಟೇ! ಅಪ್ಪ ಇಳಿದು ಬಂದು ಮಿಷನ್ನಿನ ಪಕ್ಕ ಕೂತ. ಒಂದು ರಾಗಿಹುಲ್ಲಿನ ಕಡ್ಡಿ ತರಿಸಿ ಬ್ಲೇಡಿನ ಕೆಳಗೆ ಇಟ್ಟು ತಿರುಗಿಸಿದ. ಕಡ್ಡಿ ಬಗ್ಗಿತು, ಕತ್ತರಿಸಲಿಲ್ಲ. "ನೆನ್ನೆ ಎಳ್ದಾಡಿ ಬಾಯಿ ಸಡ್ಲ ಆಗೈತೆ" ಎಂದು ಪಕ್ಕದ ತಿರುಪನ್ನು ಸ್ಪ್ಯಾನರಿನಲ್ಲಿ ಒಂದು ಸುತ್ತು ಬಿಗಿ ಮಾಡಿದ. ಮತ್ತೊಂದು ಕಡ್ಡಿ. ಅದು ಕಟ್ಟೆಂದು ಎರಡಾಯಿತು. ಎದ್ದು, ಹಿಡಿ ಹಿಡಿದು, ಬಾಯಲ್ಲಿ ಚ್ ಚ್ ಎಂದು ಸದ್ದು ಮಾಡಿ ತಳ್ಳಿದ.

ಹೋಯಿತು. ಕರಕರ ಕರಕರ ಎಂದು, ಹಸಿದ ಎತ್ತು ಹುಲ್ಲು ಮೇಯುವ ಸದ್ದು ಮಾಡುತ್ತ ಕೊನೆಯ ತನಕ ಹೋಯಿತು. ಅಪ್ಪ ಮೂಲೆಯಲ್ಲಿ ಅದನ್ನು ತಿರುಗಿಸಿದ, ನೇಗಿಲು ತಿರುಗಿಸಿದ ಹಾಗೆಯೇ, ಹಳೆಯ ಸಾಲಿಗೆ ಒಂದು ಬೆರಳೂ ತಪ್ಪದಂತೆ. ಪಕ್ಕದ ಮನೆಯವನ ತಲೆ ಕಾಂಪೌಂಡಿನ ಮೇಲೆ ಕಂಡಿತು. ಈ ಸಲ ಗಲ್ಲ ಊರಲಿಲ್ಲ. "ಯಜಮಾನ್ರೇ, ಚೆನ್ನಾಗಿ ಹೋಗ್ತಿದೆಯಲ್ಲ. ನಮಗೂ ಒಂದು ಆರಿಸಿಕೊಡ್ತೀರಾ?" ಎಂದ. ಅಪ್ಪ ನಿಲ್ಲಲಿಲ್ಲ. "ಮೊದ್ಲು ನಿಮ್ ನೆಲ ನೋಡ್ಬೇಕು" ಎನ್ನುತ್ತ ಮುಂದಿನ ಸಾಲಿಗೆ ಹೋದ.

ಮಧ್ಯಾಹ್ನ ಮೂವರೂ ಊಟಕ್ಕೆ ಕೂತೆವು. ಮುದ್ದೆ, ಸೊಪ್ಪಿನ ಸಾರು. ನನ್ನ ಹೆಂಡತಿ ಸೌಟು ಹಿಡಿದು ನಿಂತು, ಅಭ್ಯಾಸಬಲದಿಂದ, ಉತ್ತರಕ್ಕೂ ಕಾಯದವಳ ಹಾಗೆ ಕೇಳಿದಳು, "ಮಾವ, ಉಪ್ಪು ಸರಿಯಾಗಿದೆಯಾ?"

ಅಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ.

"ಜಾಸ್ತಿ ಕಣಮ್ಮಾ."

ಅವಳ ಕೈಯಲ್ಲಿ ಸೌಟು ನಿಂತೇಬಿಟ್ಟಿತು. "ಇವತ್ತು ಜಾಸ್ತಿ ಆಯ್ತಾ ಮಾವ?"

"ಇವತ್ತಲ್ಲ. ಎಂಟು ವರ್ಸದಿಂದ."

ನಾನು ತಟ್ಟೆಯಿಂದ ತಲೆಯೆತ್ತಲಿಲ್ಲ. ಅವಳು ಸೌಟಿನ ಸಮೇತ ಅಡುಗೆಮನೆಗೆ ಹೋದಳು. ಒಳಗಿನಿಂದ ಸಾರಿನ ಪಾತ್ರೆಗೆ ನೀರು ಸುರಿಯುವ ಸದ್ದು ಬಂತು. ಆಮೇಲೆ ಮೂಗು ಸೀಟಿಕೊಳ್ಳುವ ಸದ್ದು, ಅದರ ಬೆನ್ನಿಗೇ ತಡೆಯಲಾರದ ನಗು.

ಅಪ್ಪ ಇನ್ನೊಂದು ತುತ್ತು ಮುರಿದು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ, "ಹುಳಿನೂ ಒಂಚೂರು ಕಮ್ಮಿ ಮಾಡವ್ವ."